ಚಂದ್ರ ಕಾಣುವ ಮೊದಲೇ ಬರೆದ ತಾರೀಖು

ವಿಶ್ವವಿದ್ಯಾಲಯದಲ್ಲಿ ಯಾವ ದಿನ ಪಾಠ, ಯಾವ ದಿನ ಪರೀಕ್ಷೆ, ಯಾವ ದಿನ ಬಾಗಿಲಿಗೆ ಬೀಗ ಎಂಬುದನ್ನು ಇಪ್ಪತ್ತೇಳು ವರ್ಷ ಬರೆದವಳು ಸಮೀಹಾ ಹಮ್ಮೂದ್. ಅಮೆರಿಕದ ಡಿಯರ್‌ಬಾರ್ನ್‌ನ ನಮ್ಮ ಅರಬ್ ಜನ ಅವಳನ್ನು ‘ತಾರೀಖಿನ ಸಮೀಹಾ’ ಎಂದೇ ಕರೆಯುತ್ತಿದ್ದರು. ಮದುವೆ ಗೊತ್ತುಮಾಡುವವರು ಸಭಾಂಗಣಕ್ಕಿಂತ ಮೊದಲು ಅವಳಿಗೆ ಫೋನ್ ಮಾಡಿ, ಹುಡುಗಿಯ ಪರೀಕ್ಷೆ ಯಾವತ್ತು ಮುಗಿಯುತ್ತದೆಂದು ಕೇಳಿಕೊಳ್ಳುತ್ತಿದ್ದರು. ಕ್ರಿಸ್‌ಮಸ್‌ಗೆಂದು ಎರಡು ವಾರ ರಜೆ ಬರೆಯುವಾಗ ಅವಳಿಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಆದರೆ ಈದ್ ಬಂತೆಂದರೆ ನಮ್ಮ ಮಕ್ಕಳು ಒಬ್ಬೊಬ್ಬರಾಗಿ ಮೇಷ್ಟರ ಕೋಣೆಯ ಮುಂದೆ ನಿಂತು, ತಪ್ಪು ಮಾಡಿದವರ ಹಾಗೆ ಒಂದು ದಿನದ ರಜೆಗೆ ಗೋಗರೆಯುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕಾಗಿ ಅವಳು ಒಂಬತ್ತು ವರ್ಷ ಅರ್ಜಿ ಬರೆದಳು. ಕೊನೆಗೆ ಸಮಿತಿ ಒಪ್ಪಿತು, ಅದೂ ಪ್ರಯೋಗಕ್ಕೆಂದು. ಮೂರು ವರ್ಷ ಈದ್‌ಗೆ ಒಂದು ದಿನ ಇಡೀ ವಿಶ್ವವಿದ್ಯಾಲಯ ಮುಚ್ಚುವುದು, ಗೊಂದಲವಾಗದಿದ್ದರೆ ಕಾಯಂ ಮಾಡುವುದು. ಮೊದಲ ಎರಡು ವರ್ಷ ನೀರು ಕುಡಿದಷ್ಟು ಸಲೀಸಾಗಿ ಕಳೆದವು. ಎಲ್ಲರೂ ಅವಳನ್ನು ಹೊಗಳಿದರು. ಹೊಗಳದೆ ಇದ್ದವಳು ಅವಳ ತಾಯಿ, ಹಜ್ ಯಾತ್ರೆ ಮುಗಿಸಿದ್ದ ಹಜ್ಜಾ ನಜೀಬೆ ಒಬ್ಬಳೇ.

ಎಂಬತ್ತಾರರ ಈ ಮುದುಕಿಗೆ ಚಂದ್ರನ ವಿಷಯದಲ್ಲಿ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. ಊರಿನ ಅರ್ಧ ಮಸೀದಿಗಳು ಲೆಕ್ಕ ಹಾಕಿ ವರ್ಷದ ಮೊದಲೇ ಹಬ್ಬದ ದಿನ ಹೇಳಿಬಿಡುತ್ತವೆ. ಇನ್ನರ್ಧದವರು ಉಪವಾಸದ ಇಪ್ಪತ್ತೊಂಬತ್ತನೆಯ ಸಂಜೆ ಪಡುವಣಕ್ಕೆ ಮುಖಮಾಡಿ ನಿಲ್ಲುತ್ತಾರೆ. ಎಳೆಚಂದ್ರ ಕಣ್ಣಿಗೆ ಬಿದ್ದರೆ ನಾಳೆ ಹಬ್ಬ, ಬೀಳದಿದ್ದರೆ ಇನ್ನೊಂದು ಉಪವಾಸ. ಸಮೀಹಾಳ ಮನೆ ಈ ಎರಡನೆಯ ಪಂಗಡದ್ದು. ಆದರೂ ಸಮಿತಿಯವರು ಎರಡು ವರ್ಷ ಮೊದಲೇ ಮೂರನೆಯ ವರ್ಷದ ತಾರೀಖು ಕೇಳಿದಾಗ ಅವಳು ಲೆಕ್ಕದವರ ಗುರುವಾರವನ್ನು ಠೀವಿಯಿಂದ ಬರೆದುಕೊಟ್ಟಿದ್ದಳು. ‘ಚಂದ್ರ ಕಂಡರೆ ಗುರುವಾರ, ಕಾಣದಿದ್ದರೆ ಶುಕ್ರವಾರ’ ಎನ್ನಲು ಆ ಸೂಟುಗಳ ಎದುರು ಅವಳಿಗೆ ಬಾಯಿ ಬರಲಿಲ್ಲ.

ಮೂರನೆಯ ವರ್ಷ ಈದ್ ಬಂದದ್ದು ಏಪ್ರಿಲ್ ಕೊನೆಗೆ, ವರ್ಷದ ಪರೀಕ್ಷೆಗಳ ನಡುವೆ. ಬುಧವಾರ ಸಂಜೆ ಹಜ್ಜಾ ನಜೀಬೆ ಮನೆಯ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಕಾರ್ಖಾನೆಯ ಚಿಮಣಿಗಳ ಮೇಲೆ ದಟ್ಟ ಮೋಡ. ಅಕ್ಕಪಕ್ಕದವರೂ ಬಂದು ಕತ್ತು ನೋಯುವವರೆಗೆ ನೋಡಿದರು. ಮೊದಲೆರಡು ವರ್ಷ ಮಾತು ಕೇಳಿದ ಚಂದ್ರ ಈ ಸಲ ಮುಖ ತೋರಿಸಲಿಲ್ಲ. ಅವರ ಮಸೀದಿಯಿಂದಲೂ ಸುದ್ದಿ ಬಂತು: ಯಾರಿಗೂ ಕಂಡಿಲ್ಲ, ಹಬ್ಬ ಶುಕ್ರವಾರ.

ಸಮೀಹಾ ಪರೀಕ್ಷೆಗಳ ಪಟ್ಟಿ ತೆಗೆದಳು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಕೊನೆಯ ಪರೀಕ್ಷೆ. ನಲವತ್ತೊಂದು ಹುಡುಗಿಯರಲ್ಲಿ ಇಪ್ಪತ್ತಾರು ಮಂದಿ ಕಣ್ಣಿನಿಂದ ಚಂದ್ರ ನೋಡುವ ಮನೆಗಳವರು ಎಂಬುದು ಅವಳಿಗೆ ಬಾಯಿಪಾಠವಾಗಿ ಗೊತ್ತಿತ್ತು. ಈದ್ ಬೆಳಿಗ್ಗೆ ನಮಾಜು ಮುಗಿಸಿ, ಮೊದಲು ಖಬರಸ್ತಾನಕ್ಕೆ ಹೋಗಿ ತೀರಿಹೋದವರ ಗೋರಿಗೆ ನೀರೆರೆದು, ಆಮೇಲೆ ಮನೆಗೆ ಬಂದು ತಿಂಡಿ ಮುಟ್ಟುವುದು ಅವರೆಲ್ಲರ ಪದ್ಧತಿ. ಪರೀಕ್ಷೆ ಮುಂದೂಡೋಣವೆಂದರೆ ಗುರುವಾರ ಕಚೇರಿಗೆ ಬೀಗ. ಆ ಬೀಗ ಹಾಕಿಸಿದವಳೂ ಅವಳೇ.

ಉಳಿದದ್ದು ಒಂದೇ ದಾರಿ, ಕುಲಸಚಿವ ಡೇಲ್ ಲಿಂಡ್‌ಕ್ವಿಸ್ಟ್‌ನ ಮನೆಗೆ ಹೋಗಿ ಹೇಳುವುದು. ಹೇಳಿದರೆ ‘ನಿಮ್ಮ ಹಬ್ಬ ಯಾವತ್ತೆಂದು ನಿಮಗೇ ಗೊತ್ತಿಲ್ಲ’ ಎಂದು ಸಮಿತಿ ಪ್ರಯೋಗವನ್ನೇ ಮುಗಿಸುತ್ತದೆ. ಸುಮ್ಮನಿದ್ದರೆ ಹುಡುಗಿಯರು ಹೇಗೋ ಬಂದು ಬರೆಯುತ್ತಾರೆ, ನಮ್ಮ ಮಕ್ಕಳಿಗೆ ಬಾಯಿ ಮುಚ್ಚಿಕೊಂಡು ಹೊಂದಿಕೊಳ್ಳುವುದು ಹೊಸದಲ್ಲ. ರಜೆ ಕಾಯಂ ಆಗುತ್ತದೆ. ಒಂಬತ್ತು ವರ್ಷದ ದುಡಿಮೆ, ಕೈಗೆ ಬಂದ ತುತ್ತು. ನಸುಕಿನಲ್ಲಿ, ಉಪವಾಸಕ್ಕೆ ಮುಂಚಿನ ಸಹರಿ ಊಟದ ಹೊತ್ತಿಗೆ ತಾಯಿಗೆ ಇದನ್ನೆಲ್ಲ ಹೇಳಿ, ಕೊನೆಗೆ ಮೆಲ್ಲಗೆ ಸೇರಿಸಿದಳು.

“ಸುಮ್ನಿದ್ರೆ ರಜೆ ಉಳ್ಯುತ್ತೆ, ಯಮ್ಮಾ.”

“ಯಾರಿಗೆ ಉಳ್ಯುತ್ತೆ?” ಎಂದಳು ಮುದುಕಿ. “ಕಾಣದ ಚಂದ್ರನ್ನ ಕಂಡೆ ಅಂತ ಬರ್ಕೊಟ್ಟೋಳು ನೀನು. ಅದಕ್ಕೆ ಆ ಹುಡುಗೀರು ಯಾಕೆ ದಂಡ ತೆರ್ಬೇಕು?”

ಸಮೀಹಾಳಿಗೆ ತಾಯಿಯ ಮೇಲೆ ಸಿಟ್ಟು ಬಂತು, ಸರಿಯಾಗಿ ಹೇಳಿದಳಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಹಬ್ಬಕ್ಕೆಂದು ಮಾಡಿಟ್ಟಿದ್ದ ಖರ್ಜೂರ ತುಂಬಿದ ಮಾಮೂಲ್ ಬಿಸ್ಕತ್ತು ಒಂದು ತಟ್ಟೆ ತುಂಬಿಕೊಂಡು, ಮೂವತ್ತನೆಯ ಉಪವಾಸದ ಒಣಬಾಯಲ್ಲಿ ಕಾರು ಹತ್ತಿದಳು.

ಡೇಲ್ ಮನೆಯ ಮುಂದೆ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡವನೇ ಕೈ ಒರೆಸಿಕೊಂಡು ಎದ್ದು ಹಬ್ಬದ ಶುಭಾಶಯ ಹೇಳಿದ. ತಟ್ಟೆ ತೆಗೆದುಕೊಂಡು, ಕಾಫಿ ತರುತ್ತೇನೆಂದು ಒಳಗೆ ಹೊರಟ.

“ಕಾಫಿ ಬೇಡ, ಡೇಲ್. ನಂಗೆ ಹಬ್ಬ ನಾಳೆ.”

ಅವನು ನಿಂತ. “ಹಾಗಾದ್ರೆ ಇವತ್ತು ಯಾರಿಗೋಸ್ಕರ ಬೀಗ ಹಾಕಿದ್ವಿ?”

“ಊರಿನ ಅರ್ಧ ಜನಕ್ಕೆ. ಇನ್ನರ್ಧ ಜನಕ್ಕೆ ನಾಳೆ.”

“ಹೀಗಾಗಬಹುದು ಅಂತ ನಿಮಗೆ ಮೊದ್ಲೇ ಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ ಎಂದುಬಿಡಬಹುದಿತ್ತು. ಅವನು ಕ್ರೈಸ್ತರ ಲುಥೆರನ್ ಪಂಥದವನು, ಚಂದ್ರನ ಸಂಗತಿಯಲ್ಲಿ ಏನು ಹೇಳಿದರೂ ನಂಬುತ್ತಿದ್ದ.

“ಗೊತ್ತಿತ್ತು. ನಿಮ್ಮ ಫಾರ್ಮಿನ ಖಾನೇಲಿ ಒಂದೇ ತಾರೀಖಿಗೆ ಜಾಗ ಇತ್ತು. ಇನ್ನೊಂದು ಬೇಕು ಅಂತ ಕೇಳೋಕೆ ನಾಚ್ಕೆ ಆಯ್ತು.”

ಡೇಲ್ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟ. ಆಮೇಲೆ ನರ್ಸಿಂಗ್ ವಿಭಾಗದ ಮುಖ್ಯಸ್ಥೆಗೆ ಫೋನ್ ಮಾಡಿದ. ಹಬ್ಬವಿರುವ ಹುಡುಗಿಯರು ಸೋಮವಾರ ಬರೆಯಬಹುದು, ಅವರಿಗೆ ಆಕೆ ಇವತ್ತೇ ತಿಳಿಸುವುದು ಎಂದಾಯಿತು. ಆದರೆ ಸೋಮವಾರ ಒಂದು ಕೋಣೆಯೂ ಖಾಲಿ ಇಲ್ಲ. ಹನ್ನೊಂದು ಪರೀಕ್ಷೆಗಳ ಜಾಗ ಅದಲುಬದಲು ಮಾಡಬೇಕು, ಬೇರೆ ಪ್ರಶ್ನೆಪತ್ರಿಕೆ ತರಿಸಬೇಕು, ಜಾಗ ಬದಲಾದ ಪ್ರತಿಯೊಬ್ಬರಿಗೂ ಸುದ್ದಿ ಮುಟ್ಟಿಸಬೇಕು. ಶುಕ್ರವಾರ ಬೆಳಿಗ್ಗೆಯೇ ಯಾರಾದರೂ ಕೂತು ಮಾಡದಿದ್ದರೆ ಆಗದ ಕೆಲಸ. ಆ ಕೋಣೆಗಳ ಗಂಟು ಬಿಡಿಸಲು ಬಲ್ಲವಳು ಇಡೀ ಕಚೇರಿಯಲ್ಲಿ ಸಮೀಹಾ ಒಬ್ಬಳೇ.

“ನಾಳೆ ನಿಮಗೆ ಹಬ್ಬ ಅಂದ್ರಲ್ಲ,” ಎಂದ ಡೇಲ್.

“ಏಳಕ್ಕೆ ಬರ್ತೀನಿ,” ಎಂದಳು.

ವರದಿಯಲ್ಲಿ ಇದೆಲ್ಲ ಬರೆಯಲೇಬೇಕಾಗುತ್ತದೆ, ರಜೆ ಉಳಿಯುವುದು ಕಷ್ಟ ಎಂದೂ ಅವನು ಹೇಳಿದ. ನೊಂದುಕೊಂಡೇ ಹೇಳಿದ, ಆದರೂ ಹೇಳಿದ. ವಾಪಸು ಬರುವಾಗ ಸಮೀಹಾ ಒಂದು ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಅವನು ಹೇಳಿದಂತೆಯೇ ಆಯಿತು. ಮರುವರ್ಷದ ಪಟ್ಟಿಯಲ್ಲಿ ಈದ್‌ನ ರಜೆ ಇರಲಿಲ್ಲ. ಅದರ ಬದಲಿಗೆ ಡೇಲ್ ಹಟ ಹಿಡಿದು ಹಾಕಿಸಿದ ಒಂದು ಸಾಲಿತ್ತು: ಚಂದ್ರ ಯಾವಾಗಲೇ ಕಾಣಲಿ, ಆ ಎರಡು ದಿನ ಯಾರಿಗೂ ಪರೀಕ್ಷೆ ಇಡುವಂತಿಲ್ಲ, ಬಾರದವರು ಕಾರಣ ಹೇಳಬೇಕಾಗಿಲ್ಲ. ಲೆಕ್ಕದ ಕಡೆಯವರು, ಇದ್ದ ರಜೆಯನ್ನೂ ಕಳೆದಳು ಎಂದು ಅವಳನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅವಳು ಆ ಕುರ್ಚಿಯಲ್ಲಿ ಕೂತು ಬರೆಸಿದ ಸಾಲುಗಳಲ್ಲಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಆದರೆ ಅವತ್ತಿನ ಶುಕ್ರವಾರ ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಕಚೇರಿಯಲ್ಲಿ ಕೂತು ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ತಿಂದು ಅಡ್ಡಾಗಿದ್ದರು. ಹಜ್ಜಾ ನಜೀಬೆ ಮಾತ್ರ ಹೊಸ ಕಪ್ಪು ಅಬಾಯಾ ತೊಟ್ಟು, ನೀರಿನ ಕ್ಯಾನು ಕಾಲ ಬಳಿ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು. ಬೆಳಿಗ್ಗೆಯಿಂದ ಒಂದು ತುಣುಕು ಮಾಮೂಲನ್ನೂ ಮುಟ್ಟಿರಲಿಲ್ಲ. ಖಬರಸ್ತಾನಕ್ಕೆ ಹೋಗದೆ ಬಾಯಿಗೆ ಏನೂ ಹಾಕುವುದಿಲ್ಲ, ಮಗಳಿಲ್ಲದೆ ಖಬರಸ್ತಾನಕ್ಕೆ ಹೋಗುವುದಿಲ್ಲ, ಗಂಡನ ಗೋರಿಗೆ ನೀರೆರೆಯುವುದು ತಾವಿಬ್ಬರೇ ಎಂದು ಎಲ್ಲರನ್ನೂ ಗದರಿಸಿ ಕಳಿಸಿದ್ದಳಂತೆ.

ಇಬ್ಬರೂ ಹೋದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸುತ್ತಲಿನ ಗೋರಿಗಳ ಮೇಲೆಲ್ಲ ಬೆಳಿಗ್ಗೆ ಇಟ್ಟ ಹೂವು, ಮಣ್ಣು ಇನ್ನೂ ಹಸಿ. ಸಮೀಹಾಳ ತಂದೆಯ ಕಲ್ಲೊಂದೇ ಒಣಗಿತ್ತು. ಅವಳು ಕ್ಯಾನು ಬಗ್ಗಿಸಿ ನೀರೆರೆದಳು. ಹಜ್ಜಾ ನಜೀಬೆ ಮಗಳ ಭುಜ ಹಿಡಿದು ಮೆಲ್ಲಗೆ ಬಗ್ಗಿ, ಕಲ್ಲಿನ ಮೇಲೆ ಅಂಗೈಯಿಟ್ಟು ಗಂಡನಿಗೆ ಹೇಳಿದಳು.

“ತಡ ಆಯ್ತು ಅಂತ ಇವ್ಳನ್ನ ಬೈಬೇಡಿ. ಇಪ್ಪತ್ತಾರು ಮನೆ ಹುಡುಗೀರ್ನ ಬೆಳಿಗ್ಗೇನೇ ಇಲ್ಲಿಗೆ ಕಳಿಸ್ಕೊಟ್ಟು, ತಾನು ಕಡೇಲಿ ಬಂದಿದಾಳೆ.”