ಜಯಲತಾ ಟೀಚರ್ ಬದಲಿಸದ ಚೀಟಿ

ಡೊಂಬಿವಲಿ ಪೂರ್ವದ ಆ ಶಾಲೆಯಲ್ಲಿ ಜಯಲತಾ ಕಲಿಸುತ್ತಿದ್ದದ್ದು ಪೌರನೀತಿ. ಮಕ್ಕಳ ಪಾಲಿಗೆ ಅದು ಆಕಳಿಕೆಯ ಪಾಠ, ಇತಿಹಾಸದ ಪುಸ್ತಕದ ಬಾಲಕ್ಕೆ ಅಂಟಿಸಿದ ನಾಲ್ಕು ಹಾಳೆ. ಆದರೆ ದೀಪಾವಳಿ ರಜೆ ಮುಗಿದು ಶಾಲೆ ಬಾಗಿಲು ತೆರೆಯಿತೆಂದರೆ ಅದೇ ಮಕ್ಕಳು ಅವಳ ಸೆರಗು ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮೇಲಿನ ಹಾಲ್‌ನಲ್ಲಿ ಅವಳು ವಿಶ್ವಸಂಸ್ಥೆಯ ಅಣಕು ಸಭೆ ನಡೆಸುತ್ತಿದ್ದಳು. ಒಂದೊಂದು ಮಗು ಒಂದೊಂದು ದೇಶ. ಆ ದೇಶ ಏನು ಹೇಳುತ್ತದೋ ಅದನ್ನೇ ಮಗು ಹೇಳಬೇಕು, ತನ್ನ ಮನಸ್ಸಿಗೆ ತೋಚಿದ್ದನ್ನಲ್ಲ. ದಿನವಿಡೀ ವಾದ, ಕೊನೆಗೆ ಒಂದು ಠರಾವು, ಅದರ ಮೇಲೆ ಮತ. ಅಧ್ಯಕ್ಷೆಯ ಕುರ್ಚಿಯಲ್ಲಿ ಮರದ ಸುತ್ತಿಗೆ ಹಿಡಿದು ಕೂರುವವಳು ಜಯಲತಾ.

ಈ ಹುಚ್ಚು ಅವಳಿಗೆ ಹಿಡಿದದ್ದು ಎರಡು ಸಾವಿರದ ಐದರಲ್ಲಿ. ನೆರೂಳಿನ ಒಂದು ದೊಡ್ಡ ಶಾಲೆಯಲ್ಲಿ ಇಂಥ ಸಭೆ ಇತ್ತು. ಶನಿವಾರದ ರಜೆ ಬಿಟ್ಟುಕೊಡಲು ಬೇರೆ ಯಾವ ಟೀಚರೂ ಒಪ್ಪದೆ, ಪ್ರಿನ್ಸಿಪಾಲರು ಮಕ್ಕಳ ಜೊತೆಗೆ ಇವಳನ್ನು ಅಟ್ಟಿದರು. ಠಾಣೆಯಲ್ಲಿ ರೈಲು ಬದಲಿಸಿ, ಮಕ್ಕಳನ್ನು ಕೋಳಿಮರಿಗಳಂತೆ ಎಣಿಸಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಮೊದಮೊದಲು ಏನೂ ತಲೆಗೆ ಹೋಗಲಿಲ್ಲ. ಮಕ್ಕಳು ದೇಶದ ಹೆಸರಿನ ಫಲಕ ಎತ್ತುತ್ತಿದ್ದರು, ಇಳಿಸುತ್ತಿದ್ದರು. ಆಮೇಲೆ ಒಬ್ಬಳು ಸಣಕಲು ಹುಡುಗಿ ಎದ್ದು ನಿಂತಳು. ಅವಳ ಫಲಕದಲ್ಲಿ ಸಮುದ್ರದ ನಡುವಿನ ಚುಕ್ಕೆಯಂಥ ಯಾವುದೋ ದೇಶ. ಸ್ವರ ನಡುಗುತ್ತಿತ್ತು. ಅಮೆರಿಕ ಆಗಿದ್ದ ಹುಡುಗ ನಗುತ್ತ ನಡುವೆ ಬಾಯಿ ಹಾಕಿದ. ಟಪ್ಪೆಂದು ಸುತ್ತಿಗೆ ಬಿತ್ತು. "ಅವರ ಸಮಯ ಇನ್ನೂ ಮುಗಿದಿಲ್ಲ" ಎಂದರು ಅಧ್ಯಕ್ಷರು. ಅಮೆರಿಕ ತೆಪ್ಪಗೆ ಕೂತಿತು.

ಹಿಂದಿನ ಸಾಲಿನಲ್ಲಿ ಜಯಲತಾ ನೆಟ್ಟಗೆ ಕೂತಳು. ಕಾಪುವಿನಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು ಅವಳು. ಗಂಡ ಜಯಶೀಲ ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಗೆ ಕೂರುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮೈದುನಂದಿರು, ನಾದಿನಿ. ಇವಳು ಬಾಯಿ ತೆರೆದರೆ ಮಾತನ್ನು ಮುಗಿಸುವವರು ಅತ್ತೆ ರತ್ನಾವತಿ; ಅತ್ತೆ ಬಿಟ್ಟರೆ ಮೈದುನ. ಮಗ ಅಕ್ಷಿತ್ ದೊಡ್ಡವನಾದ ಮೇಲೆ ಅವನೂ "ಮಮ್ಮೀ, ಪತಾ ಹೈ", ಗೊತ್ತು ಬಿಡು, ಎಂದು ಅರ್ಧಕ್ಕೇ ಕತ್ತರಿಸುತ್ತಿದ್ದ. ಕೆಟ್ಟವರೇನೂ ಅಲ್ಲ. ಮನೆ ಚಿಕ್ಕದು, ಎಲ್ಲರಿಗೂ ಲೋಕಲ್ ರೈಲು ಹಿಡಿಯುವ ಅವಸರ. ಆದರೂ ಒಬ್ಬರ ಮಾತನ್ನು ಕೊನೆಯ ತನಕ ಆಡಲು ಬಿಡಬೇಕೆಂಬ ಕಾನೂನನ್ನು ಈ ಲೋಕದಲ್ಲಿ ಯಾರೋ ಬರೆದಿಟ್ಟಿದ್ದಾರೆ ಎಂಬುದು ಅವಳಿಗೆ ಆ ದಿನದ ತನಕ ಗೊತ್ತಿರಲಿಲ್ಲ.

ಆ ಕಾನೂನುಗಳನ್ನು ಅವಳು ಹಪ್ಪಳದ ಹಿಟ್ಟಿನ ಹದ ಕಲಿತ ಹಾಗೆ ಕಲಿತಳು, ಕೈಗೆ ಹತ್ತುವ ತನಕ. ಫಲಕ ಎತ್ತಿ ಕಾಯಬೇಕು, ಅಧ್ಯಕ್ಷರು ಕರೆಯದೆ ಏಳುವಂತಿಲ್ಲ. ಹೆಸರು ಬರೆಸಿದ ಕ್ರಮದಲ್ಲೇ ಮಾತು. ಯಾರೂ ಎದುರಿಗಿದ್ದವರ ಮನೆ, ಜಾತಿ, ಮುಖ ಎತ್ತಿ ಆಡುವಂತಿಲ್ಲ. ಹಾಗೆ ಆಡಿ ನೋಯಿಸಿದರೆ ನೊಂದವರು ಉತ್ತರದ ಹಕ್ಕು ಕೇಳಬಹುದು. ಕೊಡುವುದು ಬಿಡುವುದು ಅಧ್ಯಕ್ಷರ ಇಷ್ಟ. ಜಯಲತಾ ಅದನ್ನು ಒಮ್ಮೆಯೂ ಕೊಟ್ಟವಳಲ್ಲ. ಜಗಳಕ್ಕೆ ಕದ ತೆರೆದ ಹಾಗಾಗುತ್ತದೆ ಎಂದು ಅವಳ ಎಣಿಕೆ.

ಯಾವ ಮಗುವಿಗೆ ಯಾವ ದೇಶ ಎನ್ನುವುದಕ್ಕೆ ಮಾತ್ರ ಪುಸ್ತಕದಲ್ಲಿ ಕಾನೂನು ಇರಲಿಲ್ಲ. ಅದನ್ನು ಅವಳು ಊರಿನಿಂದ ತಂದಳು. ಊರಲ್ಲಿ ದೈವಸ್ಥಾನದ ಸೇವೆ ಈ ವರ್ಷ ಯಾವ ಮನೆಯದ್ದು ಎಂದು ತಕರಾರು ಬಂದರೆ ದೈವದ ಎದುರು ಚೀಟಿ ಹಾಕಿ ಪುಟ್ಟ ಮಗುವಿನ ಕೈಯಲ್ಲಿ ಎತ್ತಿಸುತ್ತಿದ್ದರು. ಎತ್ತಿದ ಮೇಲೆ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಶಾಲೆಯಲ್ಲೂ ಹಾಗೆಯೇ ಸ್ಟೀಲಿನ ಡಬ್ಬಿಯಲ್ಲಿ ಚೀಟಿ. ಮೊದಲ ವರ್ಷವೇ ಒಬ್ಬ ತಂದೆ ಪೇಡೆಯ ಪೊಟ್ಟಣ ಹಿಡಿದು ಬಂದು, ಮಗನಿಗೆ ಬ್ರಿಟನ್ ಆಗಬಹುದೇ ಎಂದು ಹಲ್ಲು ಕಿರಿದಿದ್ದ. ಪೇಡೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಬಡವರ ಮಗುವಿಗೆ ಚೀನಾ ಬಂದರೆ ಚೀನಾ, ಬಿಲ್ಡರನ ಮಗನಿಗೆ ಮಾಲ್ಡೀವ್ಸ್ ಬಂದರೆ ಮಾಲ್ಡೀವ್ಸ್. ಚೀಟಿಯ ವಿಷಯದಲ್ಲಿ ಜಯಲತಾ ಟೀಚರ್ ಜಗ್ಗುವವಳಲ್ಲ ಎಂದು ಶಾಲೆಗೆಲ್ಲ ಗೊತ್ತಾಯಿತು.

ಎರಡು ಸಾವಿರದ ಹನ್ನೆರಡರ ಸಭೆಗೆ ಮಕ್ಕಳೇ ಆರಿಸಿದ ವಿಷಯ, ರಾಸಾಯನಿಕ ಕಾರ್ಖಾನೆಗಳಲ್ಲಿ ಅನಾಹುತವಾದರೆ ಹೊಣೆ ಯಾರದು ಎಂಬುದು. ಡೊಂಬಿವಲಿಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಳಿ ತಿರುಗಿದರೆ ಎಂಐಡಿಸಿಯ, ಊರ ಅಂಚಿನ ಆ ಕಾರ್ಖಾನೆಗಳ ಪ್ರದೇಶದ, ವಾಸನೆ ತರಗತಿಗೇ ಬರುತ್ತಿತ್ತು. ಚೀಟಿ ಎತ್ತುವ ದಿನ ಒಂಬತ್ತನೆಯ ತರಗತಿಯ ಮಾನಸಿಗೆ ಬಂದದ್ದು ಲೋಕಕ್ಕೆಲ್ಲ ರಾಸಾಯನಿಕ ಮಾರುವ ಒಂದು ಶ್ರೀಮಂತ ದೇಶ. ಕಾರ್ಖಾನೆಯವರ ಮೇಲೆ ಹೊಣೆ ಹೊರಿಸಬಾರದು ಎಂದು ಅದು ವಾದಿಸಬೇಕು.

ಮಾನಸಿಯ ಅಪ್ಪ ಅದರ ಹಿಂದಿನ ಮಳೆಗಾಲದಲ್ಲಿ ಎಂಐಡಿಸಿಯಲ್ಲಿ ಸತ್ತಿದ್ದ. ಕಾಂಟ್ರಾಕ್ಟಿನ ಕೆಲಸಗಾರ. ಕಾಯಿಸುವ ಹಂಡೆಯೊಂದು ಒಡೆದಾಗ ಅದರ ಹತ್ತಿರ ಇದ್ದವನು. ಅವನಿಗೆ ಅಲ್ಲಿ ಕೆಲಸವೇ ಇರಲಿಲ್ಲ, ಬೀಡಿ ಸೇದಲು ಮರೆಗೆ ಹೋಗಿದ್ದ ಎಂದು ಕಂಪನಿ ಬರೆದುಕೊಂಡಿತು. ಕಂಪನಿಯ ಒಬ್ಬ ಸಾಹೇಬ ಹಣ್ಣಿನ ಬುಟ್ಟಿ ಹಿಡಿದು ಮನೆಗೂ ಬಂದಿದ್ದ.

ಮಾನಸಿ ಚೀಟಿ ಓದಿದಳು, ಮಡಚಿದಳು, ಕಂಪಾಸಿನ ಪೆಟ್ಟಿಗೆಯಲ್ಲಿಟ್ಟಳು. ಜಯಲತಾ ಅದನ್ನು ನೋಡಿದಳು. ಡಬ್ಬಿಯನ್ನು ಮುಂದಿನ ಮಗುವಿನತ್ತ ಚಾಚಿದಳು.

ಆ ವಾರವೇ ಒಂದು ಸಂಜೆ ಮಾನಸಿಯ ತಾಯಿ ಗಂಗಾ ಟೀಚರ್ ಮನೆ ಹುಡುಕಿಕೊಂಡು ಬಂದಳು. ವಿಜಯಪುರದ ಕಡೆಯವಳು. ಸೆರಗು ತಲೆ ತುಂಬ ಹೊದ್ದು, ಕುರ್ಚಿಯ ಅಂಚಿನಲ್ಲಿ ಕೂತಳು.

"ಚಾ ಮಾಡ್ತೇನೆ, ಕೂತ್ಕೊಳ್ಳಿ" ಎಂದಳು ಜಯಲತಾ.

"ಚಾ ಬ್ಯಾಡ್ರಿ ಟೀಚರ್. ನಮ್ಮ ಹುಡುಗಿಗೆ ಬಂದೈತಲ್ರಿ, ಆ ಚೀಟಿ. ಅದನ್ನ ಬದಲಿ ಮಾಡಿ ಕೊಡ್ರಿ."

"ಅವಳು ಹೇಳಿ ಕಳಿಸಿದ್ಳಾ?"

"ಇಲ್ರಿ. ಆಕಿ ಬಾಯೇ ಬಿಡೂದಿಲ್ಲ. ಕನ್ನಡಿ ಮುಂದ ನಿಂತು ಇಂಗ್ಲಿಷ್‌ನ್ಯಾಗ ಏನೇನೋ ಅಂತಾಳ. ಬಾಜೂ ಮನಿ ಹುಡುಗಿನ್ನ ಕೇಳಿದೆ. ಕಾರ್ಖಾನಿಯವ್ರದು ತಪ್ಪಿಲ್ಲ ಅಂತಾಳಂತ್ರಿ. ಅವರಪ್ಪನ ಫೋಟೋ ಅಲ್ಲೇ ಗ್ವಾಡಿ ಮ್ಯಾಲೆ ಐತಿ."

ಜಯಲತಾ ನೆಲ ನೋಡಿದಳು. "ಅದು ಅವಳ ಮಾತಲ್ಲ ಗಂಗಾ, ಆ ದೇಶದ್ದು. ಇದೊಂದನ್ನು ಬದಲಿಸಿದ್ರೆ ನಾಳೆ ಎಲ್ಲ ತಂದೆ ತಾಯಂದಿರು ನನ್ನ ಬಾಗಿಲಲ್ಲಿ ನಿಲ್ತಾರೆ. ಇಷ್ಟು ವರ್ಷ ಯಾರ ಚೀಟಿಯನ್ನೂ ನಾನು ಮುಟ್ಟಿದವಳಲ್ಲ ಮಾರಾಯ್ರೆ."

"ಅವರ್‍ಯಾರ ಮನಿಗರ ಹೆಣ ಬಂದಿತ್ತೇನ್ರಿ?"

ಮಂಚದಲ್ಲಿ ಮಲಗಿದ್ದ ರತ್ನಾವತಿ ಗೋಡೆಯ ಕಡೆಯಿಂದ ಹೊರಳಿದರು. "ಕೊಟ್ರೆ ಏನು ನಿನ್ನ ಗಂಟು ಹೋಗ್ತದಾ ಜಯಾ? ಒಂದು ಕಾಗದದ ಚೂರು! ಸುತ್ತಿಗೆ ಹೊಡ್ದು ಹೊಡ್ದು ಇವಳ ಎದೆಯೂ ಮರ ಆಗಿದೆ."

"ನಿಮಗೆ ಗೊತ್ತಾಗುದಿಲ್ಲ ಅತ್ತೆ."

"ನನಗೆ ಗೊತ್ತಾಗುದಿಲ್ಲ, ಹೌದು. ನಾನು ವಿಶ್ವಸಂಸ್ಥೆ ಓದಿದವಳಲ್ಲ."

ಗಂಗಾ ಎದ್ದು ನಿಂತಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗಲೂ ಒಮ್ಮೆ ತಿರುಗಿ ನೋಡಿದಳು, ಟೀಚರ್ ಕರೆಯಬಹುದೋ ಎಂದು. ಜಯಲತಾ ಕರೆಯಲಿಲ್ಲ.

ಆದರೆ ಮರುದಿನ ಅವಳು ಮಾನಸಿಯನ್ನು ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿದಳು. ಅವಳಿಗೆ ಕಂಡದ್ದು ಕಾನೂನಿನ ಒಳಗೇ ಇದ್ದ ಒಂದು ಸಂದು. ಸಭೆಯ ಆರಂಭದಲ್ಲಿ ಹಾಜರಿ ಕರೆಯುವಾಗ ಬರೇ "ಪ್ರೆಸೆಂಟ್" ಎಂದವರು ಮತದ ಹೊತ್ತಿಗೆ ಬೇಕಾದರೆ ತಟಸ್ಥರಾಗಿ ಕೂರಬಹುದು. "ಪ್ರೆಸೆಂಟ್ ಅಂಡ್ ವೋಟಿಂಗ್" ಎಂದವರಿಗೆ ಆ ಅನುಕೂಲವಿಲ್ಲ. ಪರವೋ ವಿರುದ್ಧವೋ ಹೇಳಲೇಬೇಕು. "ನೀನು ಬರೇ ಪ್ರೆಸೆಂಟ್ ಅನ್ನು, ಆಯ್ತಾ? ಭಾಷಣ ಚಿಕ್ಕದು ಮಾಡು. ಮತದ ಹೊತ್ತಿಗೆ ಸುಮ್ಮನೆ ಕೂತ್ಕೋ" ಎಂದಳು ಜಯಲತಾ.

ಮಾನಸಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಟೀಚರ್, ಆ ಸಾಹೇಬ ಬಂದಾಗ ನಮ್ಮ ಮನ್ಯಾಗ ಎಲ್ಲಾರೂ ಸುಮ್ನೇ ಕುಂತಿದ್ರು" ಎಂದಳು. ಅಷ್ಟೇ ಹೇಳಿ ತರಗತಿಗೆ ಹೋದಳು.

ಸಭೆಯ ದಿನ ಹಾಲ್ ಕಿಕ್ಕಿರಿದಿತ್ತು. ಪಾಲಕರು ಹಿಂದೆ, ಕೆಲವರು ಬಾಗಿಲಲ್ಲಿ ನಿಂತೇ. ಜಯಲತಾ ಒಂದೊಂದೇ ದೇಶದ ಹೆಸರು ಕೂಗಿದಳು. ಮಾನಸಿಯ ದೇಶ ಬಂದಾಗ ಅವಳ ಸ್ವರ ತುಸು ತಗ್ಗಿತು. ಮಾನಸಿ ಫಲಕ ಎತ್ತಿ ಹೇಳಿದಳು: "ಪ್ರೆಸೆಂಟ್ ಅಂಡ್ ವೋಟಿಂಗ್."

ಅವಳ ಸರದಿ ಬಂದಾಗ ಅವಳು ಕಾಗದ ನೋಡಲಿಲ್ಲ. ಮೆಲ್ಲಗೆ, ಬಹಳ ಮರ್ಯಾದೆಯಿಂದ ಮಾತಾಡಿದಳು. ನಮ್ಮ ದೇಶಕ್ಕೂ ದುಃಖವಿದೆ ಎಂದಳು. ಹೋದ ಜೀವ ಯಾರ ಕೈಯಲ್ಲೂ ಬರುವುದಿಲ್ಲ ಎಂದಳು. ಆದರೆ ಎಚ್ಚರ ಎನ್ನುವುದು ಮಾಲೀಕರೊಬ್ಬರ ಕೆಲಸವಲ್ಲ, ಕೆಲಸಗಾರನೂ ತಾನಿರಬೇಕಾದ ಜಾಗದಲ್ಲಿ ಇರಬೇಕು. ಇರದಿದ್ದರೆ ಅದಕ್ಕೆ ಕಾರ್ಖಾನೆ ಏನು ಮಾಡಲಾದೀತು? ಹೀಗೆ ಹೇಳುವಾಗ ಅವಳು ಎರಡೂ ಅಂಗೈ ತುಸು ಬಿಚ್ಚಿ ಹಿಡಿದಳು, ದೊಡ್ಡ ಗಂಡಸರು ಹಿಡಿಯುವ ಹಾಗೆ. ಜಯಲತಾಳಿಗೆ ಆಗ ಗೊತ್ತಾಯಿತು. ಇದು ಪುಸ್ತಕದಿಂದ ತೆಗೆದ ಮಾತಲ್ಲ. ಹಣ್ಣಿನ ಬುಟ್ಟಿ ತಂದವನು ಮನೆಯೊಳಗೆ ಕೂತು ಆಡಿದ ಮಾತು.

ಎದುರು ಸಾಲಿನಲ್ಲಿ ಪ್ರಥಮ್ ಇದ್ದ. ಮೈಸೂರಿನ ಕಡೆಯವರ ಮಗ, ಮಾನಸಿಯ ತರಗತಿಯವನೇ, ಬಿಸಿ ರಕ್ತದ ಹುಡುಗ. ಹೊಣೆ ಹೊರಿಸಲೇಬೇಕೆನ್ನುವ ದೇಶ ಅವನದ್ದು. ಫಲಕ ಎತ್ತದೆಯೇ ಎದ್ದು ನಿಂತು, ಇಂಗ್ಲಿಷು ಮರೆತು ಹಿಂದಿಯಲ್ಲಿ ಕೂಗಿದ: "ತೇರೇ ಪಪ್ಪಾ ಉಧರ್ ಹೀ ಮರೇ ನಾ? ತೂ ಐಸಾ ಕೈಸೇ ಬೋಲ್ ಸಕ್ತೀ ಹೈ?" ನಿನ್ನಪ್ಪ ಅಲ್ಲೇ ಸತ್ತದ್ದಲ್ಲವೇ, ನೀನು ಹೀಗೆ ಹೇಗೆ ಹೇಳುತ್ತೀ ಎಂದು.

ಜಯಲತಾ ಸುತ್ತಿಗೆ ಹೊಡೆದಳು. ಪ್ರಥಮ್ ತಾನು ಏನಂದೆ ಎಂದು ತಿಳಿದು ಹಣೆಗೆ ಕೈ ಹಚ್ಚಿ ಕೂತುಬಿಟ್ಟ. ಮಾನಸಿಯ ಫಲಕ ಮೇಲೆ ಹೋಯಿತು.

"ಉತ್ತರದ ಹಕ್ಕು, ಮೇಡಂ."

ಎಂದೂ ಕೊಡದ ಹಕ್ಕು. ಕೊಟ್ಟರೆ ಹುಡುಗಿ ಎಲ್ಲರೆದುರು ಅಳಬಹುದು. ಕೊಡದಿದ್ದರೆ ಆ ಮಾತು ಅವಳ ಮೈಮೇಲೆ ಹಾಗೇ ಉಳಿಯುತ್ತದೆ. "ಕೊಟ್ಟಿದೆ. ಒಂದು ನಿಮಿಷ" ಎಂದಳು ಜಯಲತಾ.

ಮಾನಸಿ ಎದ್ದಳು. "ಗೌರವಾನ್ವಿತ ಅಧ್ಯಕ್ಷರೇ, ಈ ದೇಶದ ಪ್ರತಿನಿಧಿಗೆ ಸತ್ತ ತಂದೆ ಇಲ್ಲ. ಸತ್ತದ್ದು ಮಾನಸಿಯ ತಂದೆ. ಮಾನಸಿ ಈ ಸಭೆಯ ಸದಸ್ಯೆಯಲ್ಲ. ಹಾಗಾಗಿ ಅವಳ ವಿಷಯ ಇಲ್ಲಿ ಯಾರೂ ಎತ್ತುವಂತಿಲ್ಲ." ಅಷ್ಟಕ್ಕೆ ಕೂರಬೇಕಿತ್ತು. ಕೂರಲಿಲ್ಲ. ಮೇಜು ಹಿಡಿದು ನಿಂತೇ ಇದ್ದಳು. "ಅವರು ಬೀಡಿ ಸೇದುತ್ತಿರಲಿಲ್ಲ" ಎಂದಳು, ಇಂಗ್ಲಿಷಿನಲ್ಲೇ, ಮೊದಲಿಗಿಂತ ಮೆಲ್ಲಗೆ. ಆಮೇಲೆ ಕೂತಳು. ನಿಮಿಷ ಇನ್ನೂ ಉಳಿದಿತ್ತು. ಅದು ಮುಗಿಯುವ ತನಕ ಜಯಲತಾ ಇನ್ನೊಬ್ಬರನ್ನು ಕರೆಯಲಿಲ್ಲ.

ಮತದಲ್ಲಿ ಮಾನಸಿ "ವಿರುದ್ಧ" ಎಂದಳು, ಅವಳ ದೇಶ ಹೇಳಬೇಕಾದ್ದನ್ನೇ. ಕಾರ್ಖಾನೆಯವರ ಮೇಲೆ ಹೊಣೆ ಹೊರಿಸುವ ಠರಾವು ಭಾರಿ ಬಹುಮತದಿಂದ ಪಾಸಾಯಿತು. ಅವಳ ಒಂದು ಮತದಿಂದ ಏನೂ ಹೆಚ್ಚುಕಡಿಮೆ ಆಗಲಿಲ್ಲ. ಪ್ರಥಮ್ ಮುಖ ಕೆಳಗೆ ಹಾಕಿ ಬಂದು "ಸಾರಿ ಯಾರ್" ಎಂದ. "ವಡಾಪಾವ್ ತಿನಿಸು, ನೋಡೋಣ" ಎಂದಳು ಅವಳು. ಕಣ್ಣು ಮಾತ್ರ ಕೆಂಪಗಿತ್ತು.

ಬಾಗಿಲಲ್ಲಿ ಗಂಗಾ ನಿಂತಿದ್ದಳು. ಇಂಗ್ಲಿಷು ಅವಳಿಗೆ ತಿಳಿದಿರಲಿಲ್ಲ. ಆದರೆ ಮಗಳ ಬಿಚ್ಚಿದ ಅಂಗೈ ಅವಳು ನೋಡಿದ್ದಳು. "ಕಡೀಕ ನಿಂತು ಏನಂದ್ಲ್ರಿ ಆಕಿ?" ಎಂದು ಕೇಳಿದಳು. ಜಯಲತಾ ಕನ್ನಡದಲ್ಲಿ ಹೇಳಿದಳು, ಬೀಡಿಯ ಮಾತನ್ನೂ.

ಗಂಗಾ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ, "ಆ ಒಂದು ಮಾತು ಹೇಳಾಕ ನನ್ನ ಕೂಸು ಕಾರ್ಖಾನಿಯವ್ರ ಬಾಯಿಲೆ ಅಷ್ಟೆಲ್ಲಾ ಆಡಬೇಕಾತೇನ್ರಿ?" ಎಂದಳು. ಸಿಟ್ಟಿರಲಿಲ್ಲ ಸ್ವರದಲ್ಲಿ. "ನೀವು ಬದಲಿ ಮಾಡಬಹುದಿತ್ರಿ, ಟೀಚರ್."

ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದಳು. ಆ ದಿನ ಮನೆಯಲ್ಲಿ ಅತ್ತೆ "ಹೇಗಾಯ್ತು ನಿನ್ನ ಸಭೆ?" ಎಂದು ಕೇಳಿದಾಗ ಜಯಲತಾ ಅಕ್ಕಿ ತೊಳೆಯುತ್ತಲೇ ಇದ್ದಳು. ನೀರು ತಿಳಿಯಾದ ಮೇಲೂ ತೊಳೆಯುತ್ತಿದ್ದಳು. ಊರಿನ ಚೀಟಿ ದೈವದ ಎದುರು ಹಾಕಿದ್ದು. ಅಲ್ಲಿ ಯಾವ ಮನೆಗೆ ಬಂದರೂ ಬಂದದ್ದು ಸೇವೆ. ತನ್ನ ಡಬ್ಬಿಯಲ್ಲಿ ಯಾವ ದೈವವೂ ಇರಲಿಲ್ಲ. ಇದು ಅವಳಿಗೆ ಅಷ್ಟು ವರ್ಷ ಹೊಳೆದಿರಲಿಲ್ಲ.

ಮರುವರ್ಷ ಚೀಟಿ ಎತ್ತಿಸುವ ಮೊದಲು ಅವಳು ಹೊಸ ಕಾನೂನು ಹೇಳಿದಳು. ಬಂದ ಚೀಟಿಯನ್ನು ಯಾವ ಮಗು ಬೇಕಾದರೂ ಒಮ್ಮೆ ವಾಪಸು ಕೊಟ್ಟು ಬೇರೆಯದನ್ನು ಎತ್ತಬಹುದು. ಕಾರಣ ಹೇಳಬೇಕಾಗಿಲ್ಲ, ಯಾರೂ ಕೇಳುವಂತಿಲ್ಲ. ಉಳಿದ ಟೀಚರುಗಳು ಮುಖ ಸಿಂಡರಿಸಿದರು. ಇನ್ನು ಅಮೆರಿಕ ಬರದವರೆಲ್ಲ ವಾಪಸು ಕೊಡುತ್ತಾರೆ ನೋಡಿ ಎಂದರು. ಹಾಗೇನೂ ಆಗಲಿಲ್ಲ. ಅವಳ ನಿವೃತ್ತಿಯ ತನಕ ಆ ಕಾನೂನು ಉಳಿಯಿತು.

ಕಾನೂನು ಬಂದ ಆ ವರ್ಷ ಮಾನಸಿ ಹತ್ತನೆಯ ತರಗತಿ. ಅಧ್ಯಕ್ಷರ ಪಕ್ಕದಲ್ಲಿ ಕೂತು ಹೆಸರು ಬರೆದುಕೊಳ್ಳುವ ಕೆಲಸ ಅವಳದ್ದು. ಮಕ್ಕಳು ಚೀಟಿ ಬಿಡಿಸಿ ಕಿರುಚಾಡುತ್ತಿರುವಾಗ ಅವಳು ಬಗ್ಗಿ ಕೇಳಿದಳು: "ಟೀಚರ್, ಇದು ನನ್ನ ಸಲುವಾಗಿ ಮಾಡಿದ್ರೇನು?"

"ಹೌದು."

"ಹೋದ ವರ್ಷ ಇದ್ದಿದ್ರೆ ನಾ ಅವತ್ತೇ ವಾಪಸ್ ಕೊಡ್ತಿದ್ದೆ."

"ಕೊಡ್ಲಿಕ್ಕೆ ನಾನು ಬಿಡ್ಬೇಕಿತ್ತು ಮಗಾ."

ಮಾನಸಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. "ಕೊಟ್ಟಿದ್ರೆ ಅಪ್ಪನ ಬಗ್ಗೆ ಆ ಮಾತು ನಾ ಎಲ್ಲೂ ಹೇಳ್ತಿರ್ಲಿಲ್ಲ. ಆದ್ರೂ ಅವ್ವ ಆ ಸಭೆ ದಿನದ ಸುದ್ದಿ ಬಂದ್ರ ಇವತ್ತಿಗೂ ಎದ್ದು ಒಳಗ ಹೋಗ್ತಾಳ ಟೀಚರ್. ಯಾವುದು ಛಲೋ ಇತ್ತು, ನಂಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದಳು ಜಯಲತಾ.

ಅಷ್ಟರಲ್ಲಿ ಏಳನೆಯ ತರಗತಿಯ ಸಂಯುಕ್ತಾ ಮೇಜಿನ ಎದುರು ಬಂದು ನಿಂತಿದ್ದಳು, ತನ್ನ ಚೀಟಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು. ಮಾನಸಿ ಅವಳ ಮುಖ ನೋಡಿ, ಏನೋ ಕೇಳಲು ಬಾಯಿ ತೆರೆದವಳು, ಸುಮ್ಮನಾದಳು. ಜಯಲತಾ ಕೈ ಚಾಚಿದಳು.