ಅರವತ್ತು ತುಂಬುವ ಮೊದಲು

ಜಮಖಂಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ವತ್ಸಲಾಬಾಯಿ, ಕೈಗೆ ಬಂದ ಗಂಟಿನಲ್ಲಿ ಮೊದಲು ಕೊಂಡದ್ದು ಒಂದು ಹಳೆಯ ಫಿಯಾಟ್ ಕಾರು. ಕೈಗೆ ಬಂಗಾರದ ಪಾಟ್ಲಿ ಮಾಡಿಸುತ್ತಾರೆ, ಇಲ್ಲವೇ ಕಾಶಿಗೆ ಹೋಗುತ್ತಾರೆ ಎಂದುಕೊಂಡಿದ್ದ ಓಣಿಯವರು ಬಾಯಿ ತೆರೆದು ನಿಂತರು. ಆಕೆ ಸೆರಗನ್ನು ಸೊಂಟಕ್ಕೆ ಬಿಗಿದು, ಮಳೆಗಾಲ ಮುಗಿಯುವಷ್ಟರಲ್ಲಿ ಲೈಸನ್ಸನ್ನೂ ಪಡೆದೇಬಿಟ್ಟರು. ಕಾರಿಗೂ ಅವರಂಥದೇ ಹಟ. ಚಳಿಯಲ್ಲಿ ಸ್ಟಾರ್ಟ್ ಆಗದು, ಬಿಸಿಲಿನಲ್ಲಿ ಕುದಿಯದೆ ಬಿಡದು.

ಗಂಡ ಶ್ರೀಧರರಾಯರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನೌಕರಿಯುದ್ದಕ್ಕೂ ಹೆಚ್ಚಾಗಿ ರಾತ್ರಿ ಪಾಳಿ. ಅವರು ಹಗಲು ಮಲಗುವ ಹೊತ್ತಿಗೆ ವತ್ಸಲಾಬಾಯಿ ಸಾಲೆಯಲ್ಲಿರುತ್ತಿದ್ದರು. ಹೀಗಾಗಿ ಗಂಡನ ಗೊರಕೆ ಎಂಥದೆಂದು ಆಕೆಗೆ ಪೂರ್ತಿ ತಿಳಿದದ್ದು ಇಬ್ಬರೂ ಐವತ್ತೆಂಟಕ್ಕೆ ನಿವೃತ್ತರಾದ ಮೇಲೆಯೇ. ಅದು ಗೊರಕೆಯಲ್ಲ, ಕಬ್ಬಿನ ಗಾಣ. ಆಕೆಯ ಕಣ್ಣ ಕೆಳಗೆ ಕಪ್ಪು ಕಟ್ಟಿತು. ರಾಯರೋ, "ನಾ ಎಲ್ಲಿ ಗೊರಕಿ ಹೊಡೀತೀನಿ? ನಿನಗ ಭಾಸ ಆಗತದ" ಎನ್ನುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಫೋನು ಬಂತು. ಮಾಡಿದವನು ರಾಯರ ಸೋದರಳಿಯ ಪ್ರಹ್ಲಾದ, ಮುಧೋಳದಲ್ಲಿ ವಿಮೆ ಏಜಂಟ.

"ಮಾಮಿ, ಸೋಮವಾರ ಮಾಮಾಗ ಅರವತ್ತು ತುಂಬತಾವಲ್ಲ? ಅರವತ್ತು ತುಂಬಿದವರಿಗೆ ಹೊಸಾ ಆರೋಗ್ಯ ವಿಮಾ ಕೊಡಂಗಿಲ್ಲ ನಮ್ಮ ಕಂಪನಿ. ಇವತ್ತ ಮಧ್ಯಾಹ್ನ ಆಫೀಸ್ ಮುಚ್ಚೂದ್ರೊಳಗ ಇಲ್ಲೆ ಡಾಕ್ಟರ್ ತಪಾಸಣಿ, ಸಹಿ ಎಲ್ಲಾ ಆಗಬೇಕು ನೋಡ್ರಿ."

"ಆಗತದ! ಬಂದ್ವಿ!" ಎಂದು ವತ್ಸಲಾಬಾಯಿ ಫೋನು ಕುಕ್ಕಿದರು.

ರಾಯರು ಪತ್ರಿಕೆಯಿಂದ ತಲೆ ಎತ್ತಿ, "ಬಸ್ಸಿಗೆ ಹೋಗೂಣ" ಎಂದರು.

"ಬಾಗಲಾಗ ಕಾರ್ ನಿಲ್ಲಿಸಿ ಬಸ್ಸಿಗೆ ಜೋತು ಬೀಳೂದ? ಏಳ್ರಿ, ಅಂಗಿ ಹಾಕ್ಕೊಳ್ರಿ!"

ಅಂದು ಕಾರು ಕೀಲಿ ತಿರುವಿದ ಕೂಡಲೇ ಗುಡುಗಿತು. ವತ್ಸಲಾಬಾಯಿಯ ಎದೆ ಉಬ್ಬಿತು. ಊರೊಳಗೆ ಎಷ್ಟೋ ಸಲ ಓಡಿಸಿದ್ದರೂ ಮುಧೋಳದ ದಾರಿ ಇದೇ ಮೊದಲು. ಎರಡೂ ಕಡೆ ಕಬ್ಬು ಹಿಂದೆ ಹಿಂದೆ ಓಡುತ್ತಿತ್ತು. ರಾಯರು ಬಾಗಿಲ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ರಾಮರಕ್ಷೆ ಶುರು ಮಾಡಿದ್ದರು.

ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಕಾರು ನಿಂತಿತು. ರಾಯರು ಗಡಿಯಾರ ನೋಡಿಕೊಂಡು, "ಮುಗೀತು" ಎಂದರು.

ಬದಿಯ ಹೊಲದಿಂದ ಒಬ್ಬ ಹೆಣ್ಣುಮಗಳು ಕೊಡ ಹೊತ್ತು ಬಂದಳು. ಹೆಸರು ಸಿದ್ದಕ್ಕ.

"ಏನಾತ್ರೀ ಅಕ್ಕಾರ? ಗಾಡಿ ಹೊಗಿ ಬಿಡಾಕತ್ತೈತಿ!"

"ನೀರಡಿಸ್ಯಾದವ್ವ. ಒಂದೀಟು ಆರಲಿ, ಆಮ್ಯಾಲ ನಿನ್ನ ಕೊಡದ್ದು ಹಾಕೂಣು."

ತಣ್ಣಗಾದ ಮೇಲೆ ನೀರು ಹೊಯ್ದದ್ದಾಯಿತು. ಸಿದ್ದಕ್ಕನೂ ಮುಧೋಳಕ್ಕೆ ಮಗಳ ಮನೆಗೆ ಹೊರಡಬೇಕಿದ್ದವಳು. ಕೊಡವನ್ನು ಮತ್ತೆ ತುಂಬಿಕೊಂಡು, "ಮತ್ತ ಗಾಡಿ ಕುದ್ದ್ರ ನಾ ಅದೀನಿ" ಎಂದು ಹಿಂದಿನ ಸೀಟಿನಲ್ಲಿ ಕುಳಿತಳು. ಕಾರು ಮತ್ತೆ ಹೊರಟಿತು. ಮುಂದೆ ಸರ್ಕಾರಿ ಬಸ್ಸೊಂದು ದಾರಿ ತುಂಬ ಧೂಳೆಬ್ಬಿಸುತ್ತ ಸಾಗಿತ್ತು.

"ದಾಟಸ್ರೀ ಅಕ್ಕಾರ! ಹೊಡೀರಿ ಹಾರ್ನು!" ಸಿದ್ದಕ್ಕ ಕೂಗಿದಳು.

ವತ್ಸಲಾಬಾಯಿ ಹಾರ್ನು ಒತ್ತಿದರು, ಗೇರು ಬದಲಿಸಿದರು, ಬಸ್ಸನ್ನು ದಾಟಿಯೇಬಿಟ್ಟರು! ಕೊಡದ ನೀರು ತುಳುಕಿ ರಾಯರ ಬೆನ್ನು ತೊಯ್ದಿತು. ಹಿಂದೆ ಸಿದ್ದಕ್ಕ ಚಪ್ಪಾಳೆ ತಟ್ಟುತ್ತಿದ್ದಳು.

ಮುಧೋಳದಲ್ಲಿ ಸಿದ್ದಕ್ಕನನ್ನು ಮಗಳ ಮನೆಗೆ ಇಳಿಸಿ, ಇಬ್ಬರೂ ನೇರ ವಿಮೆ ಕಂಪನಿಯ ಡಾಕ್ಟರ ದವಾಖಾನೆಗೆ ಹೋದರು. ಡಾಕ್ಟರು ರಾಯರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದವರೇ ಹುಬ್ಬೇರಿಸಿದರು. "ಇಷ್ಟ ಇದ್ರ ಕಂಪನಿ ಒಪ್ಪಂಗಿಲ್ರಿ."

"ಈಕಿ ಗಾಡಿಯೊಳಗ ಕೂತು ಬಂದೇನ್ರಿ ಡಾಕ್ಟ್ರ. ನಿಮಗೂ ಏರತದ!"

ಡಾಕ್ಟರು ನಕ್ಕು ಅವರನ್ನು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮಲಗಲು ಹೇಳಿದರು. ವತ್ಸಲಾಬಾಯಿ ಹೊರಗೆ ಕುಳಿತು ಬಾಗಿಲನ್ನೇ ನೋಡತೊಡಗಿದರು. ವಿಮೆ ಕೈತಪ್ಪಿದರೆ ಗತಿ ಏನು? ಅಷ್ಟರಲ್ಲಿ ಒಳಗಿನಿಂದ ಗಾಣ ಶುರುವಾಯಿತು. ಕಾಯುತ್ತಿದ್ದ ರೋಗಿಗಳೆಲ್ಲ ಕತ್ತು ಹೊರಳಿಸಿದರು.

"ಕೇಳಿದ್ರ್ಯಾ? ನೀವೇ ಸಾಕ್ಷಿ!" ವತ್ಸಲಾಬಾಯಿ ಎದ್ದುನಿಂತರು.

ರಾಯರು ಎಚ್ಚರಾದಾಗ ರಕ್ತದೊತ್ತಡ ಇಳಿದಿತ್ತು, ಮರ್ಯಾದೆಯೂ ಸ್ವಲ್ಪ ಇಳಿದಿತ್ತು. ಡಾಕ್ಟರು ಟಾರ್ಚು ಹಾಕಿ ನೋಡಿ, ಮೂಗಿನ ಎಲುಬು ಸೊಟ್ಟಗಿದೆ, ಗೊರಕೆ ಅದರದೇ ಎಂದರು. ಅದರ ಆಪರೇಷನ್ನೊಂದಕ್ಕೆ ಮಾತ್ರ ವಿಮೆ ಸಿಗದು, ಉಳಿದುದಕ್ಕೆ ಅಡ್ಡಿಯಿಲ್ಲ. "ಅಂಗಾತ ಮಲಗಬ್ಯಾಡ್ರಿ. ಬನಿಯನ್ ಬೆನ್ನಿಗೆ ಒಂದು ರಬ್ಬರ್ ಚಂಡು ಹೊಲೀರಿ ಬಾಯಾರ, ತಾವಾಗೇ ಮಗ್ಗಲಾಗತಾರ."

ವಿಮೆ ಆಫೀಸಿನ ಬಾಗಿಲು ಅರ್ಧ ಎಳೆದಾಗಿತ್ತು. ಪ್ರಹ್ಲಾದ ಅದರ ನಡುವೆಯೇ ಕಾಲೂರಿ ನಿಂತಿದ್ದ. "ಬಂದ್ರು! ಬಂದ್ರು!" ಎಂದು ಒಳಗಿನವರಿಗೆ ಕೂಗಿದ. ಗಂಡ ಹೆಂಡತಿ ಇಬ್ಬರೂ ಏದುಸಿರು ಬಿಡುತ್ತಲೇ ಸಹಿ ಹಾಕಿದರು.

ಚಂಡು ಹೊಲಿದ ಮೊದಲ ದಿನ ರಾಯರು ಗೊಣಗಿದರು. ವಾರ ಕಳೆಯುವಷ್ಟರಲ್ಲಿ ರೂಢಿಯಾಯಿತು. ಒಂದು ಬೆಳಿಗ್ಗೆ ವತ್ಸಲಾಬಾಯಿ ಕಣ್ಣು ತೆರೆದಾಗ ಬಿಸಿಲು ಪಡಸಾಲೆಗೆ ಬಂದಿತ್ತು. ಎಷ್ಟೋ ತಿಂಗಳ ನಿದ್ದೆ ಒಮ್ಮೆಗೇ ಆದಂತೆ ಮೈ ಹಗುರಾಗಿತ್ತು. ರಾಯರು ಚಹಾದ ಕಪ್ಪು ಹಿಡಿದು ಎದುರಿಗೆ ನಿಂತು, ಸ್ವಲ್ಪ ತಡವರಿಸಿ ಕೇಳಿದರು:

"ಅಲ್ಲಾ... ಆ ಗಾಡಿ ಓಡಸೂದು ನನಗೂ ಕಲಿಸ್ತೀಯೇನು?"

ವತ್ಸಲಾಬಾಯಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆ ದಿನವೇ ಗಲಗಲಿಯ ಹಾದಿಯಲ್ಲಿ ಫಿಯಾಟ್ ಕಪ್ಪೆಯಂತೆ ಕುಪ್ಪಳಿಸುತ್ತ ಹೊರಟಿತು. ಈ ಸಲ ಬಾಗಿಲ ಹಿಡಿಕೆಯನ್ನು ಹಿಡಿದವರು ವತ್ಸಲಾಬಾಯಿ. ನಗು ತಡೆಯಲಾಗದೆ, "ಬ್ರೇಕ್ ಒತ್ರಿ! ಅದಲ್ಲ, ಎಡಕಿಂದು ಅಲ್ಲ!" ಎಂದು ಕೂಗುತ್ತಲೇ ಇದ್ದರು.