ಅಕ್ಕನ ದನಿ ತುಂಬಿದ್ದ ಲ್ಯಾಪ್‌ಟಾಪು

ಅವನನ್ನು ಎಲ್ಲರೂ ಬಿಚ್ಚಪ್ಪ ಅಂತಲೇ ಕರೆಯುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ಬಿಚ್ಚದೆ ಬಿಟ್ಟ ಆಸಾಮಿಯಲ್ಲ. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಉಳಿದ ಹೊತ್ತೆಲ್ಲ ಹಳೇ ಲ್ಯಾಪ್‌ಟಾಪು, ಮೈಕು, ಸ್ಪೀಕರುಗಳ ಹೊಟ್ಟೆ ಬಗೆಯುವುದು. ನಾಟಕದವರಿಗೆ ಮಳೆ ಬೇಕೆಂದರೆ ಮಳೆ, ರೈಲು ಬೇಕೆಂದರೆ ರೈಲು, ಎಲ್ಲ ಇವನ ಮೇಜಿನ ಮೇಲೇ ಹುಟ್ಟುತ್ತಿದ್ದವು.

ಅವನ ಅಕ್ಕ ನಟಿ. ಗಂಟಲಿನ ಆಪರೇಷನ್ ಆದಮೇಲೆ ದನಿ ತಗಡು ಕೆರೆದಂತಾಗಿ, ಮನೆಯವರ ಮುಂದೆ ಬಿಟ್ಟು ಬೇರೆಲ್ಲೂ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಆಪರೇಷನ್ನಿಗೆ ಮೊದಲೇ ತಮ್ಮ ಅವಳಿಂದ ಒಂದು ನಾಟಕದ ಅವಳ ಪಾತ್ರದ ಮಾತನ್ನೆಲ್ಲ ಹೇಳಿಸಿ ರೆಕಾರ್ಡ್ ಮಾಡಿಟ್ಟಿದ್ದ. ಈಗ ಮೂರು ತಿಂಗಳು ಪಟ್ಟು ಹಿಡಿದು ಕೂತು, ಲ್ಯಾಪ್‌ಟಾಪಿನ ಒಂದೊಂದು ಕೀಲಿಗೆ ಒಂದೊಂದು ಮಾತು ಜೋಡಿಸಿದ. ಅವಳು ತುಟಿ ಆಡಿಸಬೇಕು, ಇವನು ಕೀಲಿ ಒತ್ತಬೇಕು. ಹಾಗಂತ ಮಾತು ಕೊಟ್ಟ ಮೇಲೆಯೇ ಅಕ್ಕ ಎರಡು ವರ್ಷದ ನಂತರ ಅದೇ ನಾಟಕಕ್ಕೆ ರಂಗ ಹತ್ತಲು ಒಪ್ಪಿದ್ದಳು.

ಅವನನ್ನು ಕೆಡಿಸಿದ್ದು ಅವನ ಕಿವಿ. ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಟ್ಟುವುದು ಮುಂದಿನ ಸಾಲಿಗೆ ಕೇಳೀತೆಂದು ಆಟದ ದಿನ ಬೆಳಗ್ಗೆ ಫ್ಯಾನನ್ನೇ ಕಿತ್ತುಹಾಕಿದ್ದ. ಮನೆಯಲ್ಲಿ ಒಂದು ಗಂಟೆ ಓಡಿಸಿ ನೋಡಿದಾಗ ಏನೂ ಆಗಿರಲಿಲ್ಲ. ರಂಗದ ದೀಪಗಳ ಬಿಸಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಪುಣ್ಯಾತ್ಮ.

ನಾಲ್ಕನೇ ದೃಶ್ಯದ ಹೊತ್ತಿಗೆ ಕೀಲಿಗಳು ಬೆರಳು ಸುಡತೊಡಗಿದವು. ಪರದೆಯ ಮರೆಯಲ್ಲಿ ಕೂತು ನಾಟಕದ ಪ್ರತಿಯಿಂದಲೇ ಅದಕ್ಕೆ ಗಾಳಿ ಹಾಕಿದ. ನಾಟಕ ಆಡಿಸುವ ಮೇಷ್ಟ್ರು ಬಗ್ಗಿ, "ಏನಯ್ಯಾ, ಸೆಕೆನಾ?" ಎಂದರು.

"ನನಗಲ್ಲ ಸಾರ್, ಇದಕ್ಕೆ."

"ಅವಳದು ಇನ್ನೆಷ್ಟು ಮಾತಿದೆ?"

"ಏಳು."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಆರು, ಐದು, ನಾಲ್ಕು. ಮೂರು ಮಾತು ಉಳಿದಿರುವಾಗ ಲ್ಯಾಪ್‌ಟಾಪು ಆರಿಹೋಯಿತು.

ಅಕ್ಕ ತುಟಿ ತೆರೆದಳು. ಸದ್ದಿಲ್ಲ. ಅವಳು ಇವನತ್ತ ತಿರುಗಿದಳು. ಇವನು ಅಳುವಂತಾಗಿ ಎರಡೂ ಕೈ ಚೆಲ್ಲಿದ. "ಪರದೆ ಎಳೀರೋ," ಎಂದು ಮೇಷ್ಟ್ರು ಪಿಸುಗುಟ್ಟಿದರು. ಅಷ್ಟರಲ್ಲಿ ಅಕ್ಕ, ಉಳಿದ ನಟರಿಗಾಗಿ ಇಟ್ಟಿದ್ದ ಮೈಕಿನ ಹತ್ತಿರ ಎರಡು ಹೆಜ್ಜೆ ಬಂದಳು. ಇವನಿಗೆ ತಟ್ಟನೆ ಅರ್ಥವಾಯಿತು. ತನ್ನ ಪಕ್ಕದಲ್ಲೇ ಇದ್ದ ಆ ಮೈಕಿನ ದನಿಯ ಗುಂಡಿಯನ್ನು ಕೊನೆವರೆಗೂ ಏರಿಸಿದ.

"ಹೋಗೋದಾದ್ರೆ ಹೇಳಿ ಹೋಗು, ಮಗಾ."

ಕೆರಕಲು ದನಿ ಹಿಂದಿನ ಕುರ್ಚಿಯವರೆಗೂ ಹೋಯಿತು. ಯಾರೋ ಕಿಸಕ್ಕೆಂದರು. ಅವಳ ಕುತ್ತಿಗೆಯ ನರ ಉಬ್ಬಿತು, ಆದರೆ ಅವಳು ನಿಲ್ಲಿಸಲಿಲ್ಲ. ಉಳಿದೆರಡು ಮಾತನ್ನೂ ಆಡಿ ಮುಗಿಸಿದಳು. ಆಗ ಯಾರೂ ನಗಲಿಲ್ಲ.

ಪರದೆ ಬಿದ್ದಮೇಲೆ ಅಕ್ಕ ಬೆವರೊರೆಸಿಕೊಳ್ಳುತ್ತ ಒಳಗೆ ಬಂದಳು. ಬಣ್ಣ ಹಚ್ಚುವವರು, ದೀಪದವರು, ಮೇಷ್ಟ್ರು ಎಲ್ಲ ಅಲ್ಲೇ ನಿಂತಿದ್ದರು. ಬಿಚ್ಚಪ್ಪ ತಲೆ ಎತ್ತಲಿಲ್ಲ.

"ತಪ್ಪಾಯ್ತಕ್ಕಾ. ನಾಳೆ ಆಟಕ್ಕೆ ಸರಿ ಮಾಡ್ಕೊಂಡು ಬರ್ತೀನಿ."

"ಬೇಡ ಬಿಡು," ಎಂದಳು ಅಕ್ಕ, ಅಷ್ಟೂ ಜನಕ್ಕೆ ಕೇಳುವಂತೆ. "ನಾಳೆ ಬರೀ ಮೈಕ್ ನೋಡ್ಕೋ."